ಕೋಡಿಯ ಮೇಲಿನ ಮರಳುಚೀಲಗಳು

ಆ ಗುಡಿಸಲುಗಳನ್ನು ಕೆರೆ ಏರಿಯ ಬುಡದಲ್ಲಿ ಹಾಕಿಕೊಳ್ಳಿ ಎಂದು ಹೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಓಡಾಡಿದ್ದೆಲ್ಲ ದೊಡ್ಡ ಸಾಹಸದಂತೆ ಕಂಡೀತು.

ಸಂಡೂರಿನ ಗುಡ್ಡಗಳಿಂದ ಹಗಲೂ ರಾತ್ರಿ ಅದಿರು ಇಳಿಯುತ್ತಿದ್ದ ದಿನಗಳು ಅವು. ನಾನು ಹೊಸಪೇಟೆಯ ಕಚೇರಿಯಲ್ಲಿ ಕಿರಿಯ ಎಂಜಿನಿಯರ್. ಸುತ್ತಲಿನ ಹಳ್ಳಿಗಳ ಕೆರೆಗಳ ಏರಿ, ತೂಬು, ಕೋಡಿ ನೋಡಿಕೊಳ್ಳುವುದು ನನ್ನ ಕೆಲಸ. ಬಂಡ್ರಿಯ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗಿದ್ದ ಒಂದು ಹಳ್ಳಿಯಲ್ಲಿ, ಅದಿರು ಒಡೆಯಲು ದೂರದಿಂದ ಬಂದ ಕೂಲಿಯವರು ಮೂವತ್ತಕ್ಕೂ ಹೆಚ್ಚು ಗುಡಿಸಲು ಹಾಕಿಕೊಂಡಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ತುಂಬಿದ ಲಾರಿಯೊಂದು ಕೊನೆಯ ಗುಡಿಸಲಿಗೆ ನುಗ್ಗಿ ಒಬ್ಬ ಮುದುಕನ ಕಾಲು ಹೋಯಿತು. ಮರುದಿನ ನಾನು ಏರಿಯ ತಪಾಸಣೆಗೆಂದು ಅಲ್ಲಿಗೆ ಹೋದಾಗ ಮುರಿದ ಗಳ, ಹರಿದ ತಾಡಪಾಲು ಇನ್ನೂ ಹಾಗೇ ಬಿದ್ದಿದ್ದವು. ಕೂಲಿ ಹೆಂಗಸರ ಮುಂದಾಳು, ಸೆರಗನ್ನು ಸೊಂಟಕ್ಕೆ ಬಿಗಿದ ಗಟ್ಟಿ ದನಿಯ ಹೆಂಗಸು, ನನ್ನ ಜೀಪಿಗೆ ಅಡ್ಡ ನಿಂತಳು.

“ಮೇಡಮ್ಮಾರ, ಏರಿ ಕೆಳಗ ಬಯಲು ಐತಲ್ರೀ, ನಾವು ಅಲ್ಲಿಗೆ ಹೋಗ್ತೀವಿ. ನಿಮ್ದು ಏನರ ಅಡ್ಡಿ ಐತೇನ್ರೀ?”

“ಹೋಗ್ರಿ, ಹೋಗ್ರಿ. ಲಾರಿ ಬಾಜೂಕ ಇರೋದಕ್ಕಿಂತ ಕೆರಿ ಬಾಜೂಕ ಇರೋದು ಎಷ್ಟೋ ವಾಸಿ,” ಎಂದೆ ನಾನು.

ಒಂದು ಗಳಿಗೆಯೂ ಯೋಚಿಸಲಿಲ್ಲ. ಕಣ್ಣಿಗೆ ನೆಲದ ಮೇಲಿನ ರಕ್ತ ಕಂಡಿತ್ತು, ಅಷ್ಟೇ ಕಂಡಿತ್ತು. ಕೆರೆ ಒಡೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಂಜಿನಿಯರಿಂಗ್ ಓದಿದ ನನ್ನ ತಲೆಗೂ ಆ ಹೆಂಗಸಿನ ತಲೆಗೂ ಆ ಹೊತ್ತಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಅವರೆಲ್ಲ ಒಂದೇ ವಾರದಲ್ಲಿ ಏರಿಯ ಬುಡಕ್ಕೆ ಬಂದರು. ಊರಿನವರು ನನ್ನನ್ನು ಹೊಗಳಿದರು. ನಾನೂ ಬೀಗಿದೆ.

ಶ್ರಾವಣದಲ್ಲಿ ಕೆರೆಯ ಹೂಳು ತೆಗೆಸುವ ಅಂದಾಜು ಪಟ್ಟಿ ಮಾಡಲು ಲೆವೆಲ್ ಉಪಕರಣ, ಅಡಿ ಗುರುತಿನ ಸ್ಟಾಫು ಕೋಲು ಹಿಡಿದು ಮತ್ತೆ ಹೋದೆ. ಬೇಸಿಗೆಯಲ್ಲಿ ನಾನು ಕೋಡಿಯವರೆಗೆ ಹೋಗಿರಲಿಲ್ಲ. ಈಗ ಅದರ ಹತ್ತಿರ ಬಂದವಳು ನಿಂತುಬಿಟ್ಟೆ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಆ ಕಲ್ಲುಕಟ್ಟಡದ ಮೇಲೆ ಮರಳು ತುಂಬಿದ ಚೀಲಗಳನ್ನು ಗೋಡೆಯಂತೆ ಒಟ್ಟಿದ್ದರು. ಅಳೆದರೆ ಎರಡು ಅಡಿ ಎತ್ತರ.

“ಇದೇನ್ರೀ ಇದು?” ಎಂದು ಕೆರೆ ಸಂಘದ ಅಧ್ಯಕ್ಷರನ್ನು ಕೇಳಿದೆ. ಅಚ್ಚುಕಟ್ಟಿನಲ್ಲಿ ದೊಡ್ಡ ಗದ್ದೆ ಇದ್ದ, ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ.

“ಗುಡ್ಡದ ಕೆಂಪು ಮಣ್ಣೆಲ್ಲಾ ಕೆರಿಯಾಗ ಬಂದು ಕುಂತೈತ್ರಿ ಮೇಡಂ. ನೀರು ಹಿಡಿಯವಲ್ದು. ಅದಕ್ಕ ಕೋಡಿ ಒಂಚೂರು ಎತ್ತರ ಮಾಡೀವಿ. ಎರಡು ವರ್ಷ ಆತು, ಏನ್ ಆಗೈತಿ? ಏನೂ ಆಗಿಲ್ಲ.”

ಚೀಲ ಒಟ್ಟಿದವನು ನೀರಗಂಟಿ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ ಅವನ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು. ಆ ಊರಿನಲ್ಲಿ ತೂಬಿಗಾಗಲಿ ಕೋಡಿಗಾಗಲಿ ಅವನಲ್ಲದೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಊರ ಗೌಡನೇ ಬಂದರೂ ಕೈ ಕಟ್ಟಿ ನಿಲ್ಲಬೇಕು. ಅರವತ್ತು ದಾಟಿದ, ಬಿದಿರಿನಂತೆ ತೆಳ್ಳಗಿದ್ದ ಆ ಮುದುಕ ನನ್ನನ್ನು ತೂಬಿನ ಕಲ್ಲು ಮೆಟ್ಟಿಲುಗಳ ಹತ್ತಿರ ಕರೆದೊಯ್ದ. ನೀರು ಎಷ್ಟು ಮೆಟ್ಟಿಲು ಮುಳುಗಿಸಿದೆ ಎನ್ನುವುದೇ ಅವನ ಲೆಕ್ಕ.

“ನೋಡವ್ವಾ, ಚೀಲದ ತಲಿಗೆ ನೀರು ಬರಾಕ ಇನ್ನ ಮೂರು ಮೆಟ್ಲು ಬಾಕಿ. ಒಂದು ಮೆಟ್ಲು ತುಂಬಾಕ ಒಂದು ದಿನಾ ಬಿಡದಂಗ ಮಳಿ ಆಗಬೇಕು. ನಮ್ಮಪ್ಪನ ಕಾಲದಿಂದ ಇದಾ ಲೆಕ್ಕ. ನೀರು ಏರಿದ್ರ ಚೀಲ ಕಿತ್ತು ಒಗಿಯಾಕ ನನಗ ಬೇಕಾದಷ್ಟು ಟೈಮ್ ಐತಿ.”

ಲೆವೆಲ್ ಹಿಡಿದು ಏರಿಯ ಉದ್ದಕ್ಕೂ ಅಳತೆ ತೆಗೆದೆ. ಮೂಲದಲ್ಲಿ ಏರಿಯ ತಲೆ ಕೋಡಿಗಿಂತ ಐದು ಅಡಿ ಎತ್ತರ. ಆದರೆ ಟ್ರಾಕ್ಟರುಗಳು ಅಡ್ಡದಾರಿ ಮಾಡಿಕೊಂಡು ಓಡಾಡಿ ನಡುವೆ ಒಂದು ಅಡಿ ಕುಸಿದಿತ್ತು. ಉಳಿದದ್ದು ನಾಲ್ಕು. ಅದರಲ್ಲಿ ಎರಡನ್ನು ಚೀಲಗಳು ತಿಂದಿದ್ದವು. ಕೋಡಿ ಜೋರಾಗಿ ಹರಿಯುವಾಗ ಅದರ ಮೇಲೆ ಎರಡೂವರೆ, ಮೂರು ಅಡಿ ನೀರು ನಿಲ್ಲುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಮುಗಿಯಿತು, ಕೊರೆದುಕೊಂಡು ಹೋಗುತ್ತದೆ. ಕುಸಿದ ಜಾಗದಲ್ಲಿ ನಿಂತು ಕೆಳಗೆ ನೋಡಿದೆ. ನೇರ ಕೆಳಗೆ ಆ ಗುಡಿಸಲುಗಳು. ಒಬ್ಬಳು ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು.

ಅವತ್ತಿನಿಂದ ನನಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಕಚೇರಿಯಲ್ಲಿ ಕೂತರೆ ಕಿಟಕಿಯಾಚೆ ಮೋಡ ನೋಡುತ್ತಿದ್ದೆ. ಊಟಕ್ಕೆ ಕೂತರೆ ಲೆಕ್ಕದ ಹಾಳೆ. “ತಾಟಿನಾಗ ಅನ್ನ ಐತಿ, ಅದನ್ನ ಮೊದಲ ನೋಡು,” ಎಂದು ಅಮ್ಮ ಬೈಯುತ್ತಿದ್ದಳು. ಮೇಲಧಿಕಾರಿಗಳ ಮುಂದೆ ಕಾಗದ ಇಟ್ಟೆ. ಮೈಸೂರು ಕಡೆಯವರು, ಒಳ್ಳೆಯವರೇ.

“ಅಲ್ಲಮ್ಮಾ, ಅದು ರಾಯರ ಕಾಲದ ಏರಿ. ದಿನಾ ಹಂಪಿ ನೋಡ್ತೀಯಲ್ಲ? ಅವರು ಕಟ್ಟಿದ್ದು ಹಂಗೆಲ್ಲಾ ಬೀಳಲ್ಲ ಬಿಡು. ವರದಿ ಕೊಡು, ಮೇಲೆ ಕಳಿಸೋಣ.”

ಹೌದು, ನಿಂತದ್ದನ್ನು ಮಾತ್ರ ನಾವು ನೋಡುತ್ತೇವೆ. ಆ ಕಾಲದವರು ಕಟ್ಟಿದ ಎಷ್ಟು ಕೆರೆ ಒಡೆದು ಹೊಲವಾಗಿಹೋದವೋ, ಅವುಗಳ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಇದನ್ನು ಅವರ ಮುಂದೆ ಹೇಳುವ ಧೈರ್ಯ ಬರಲಿಲ್ಲ. ವರದಿ ಕೊಟ್ಟು ಬಂದೆ.

ಹುಬ್ಬಿ ನಕ್ಷತ್ರದ ಮಳೆಯ ಮೊದಲ ವಾರ. ಗುಡ್ಡದ ಮೇಲೆ ಮೋಡ ಎಷ್ಟು ಕಪ್ಪಗೆ ಕಟ್ಟಿತೆಂದರೆ ನನಗೆ ತಡೆಯಲಾಗಲಿಲ್ಲ. ಬಸ್ಸು ಹಿಡಿದೆ. ಲಾರಿಗಳ ಸಾಲಿನಲ್ಲಿ ಸಿಕ್ಕಿ ಮೂರು ತಾಸು ಒದ್ದಾಡಿ ಹಳ್ಳಿ ಮುಟ್ಟಿ ಗುಡಿಸಲುಗಳನ್ನೆಲ್ಲ ಖಾಲಿ ಮಾಡಿಸಿದೆ. ಜನ, ಪಾತ್ರೆ, ಕೋಳಿ ಎಲ್ಲ ಶಾಲೆಯ ಕೋಣೆಗಳಲ್ಲಿ. ಎರಡು ದಿನ ಇದ್ದರು. ಮಳೆ ಬರಲಿಲ್ಲ. ನಾಲ್ಕು ಹನಿ ಉದುರಿಸಿ ಮೋಡ ಕಂಪ್ಲಿಯ ಕಡೆಗೆ ಹೋಯಿತು. ಎರಡು ದಿನ ಕೆಲಸಕ್ಕೆ ಹೋಗದವರಿಗೆ ಗುತ್ತಿಗೆದಾರ ನಾಳೆಯಿಂದ ಬರಬೇಡಿ ಎಂದಿದ್ದ. ಮುಂದಾಳು ಹೆಂಗಸು ನನ್ನ ಮುಂದೆ ನಿಂತಳು.

“ಅಲ್ಲೇ ಹಾಕ್ಕೊಳ್ರಿ ಅಂದವ್ರೂ ನೀವಾ, ಕಿತ್ಕೊಂಡು ಏಳ್ರಿ ಅಂದವ್ರೂ ನೀವಾ. ನಮ್ಮನ್ನ ಏನ್ ಬುಗುರಿ ಮಾಡೀರೇನ್ರೀ? ಸಂಜಿ ಮುಂದ ಕರಡಿ ನೀರಿಗೆ ಬರ್ತಾವಂತ ಸುತ್ತ ಬೆಂಕಿ ಹಾಕ್ಕೋತೀವಿ. ಅದಕ್ಕ ಏನರ ಮಾಡ್ರಿ ಮೊದಲ. ಕಟ್ಟಿ ಒಡಿತೈತಿ, ಕಟ್ಟಿ ಒಡಿತೈತಿ! ಎಲ್ಲಿ ಒಡೀತು?”

ಅವಮಾನವಾಯಿತು. ಆದರೆ ಅದಕ್ಕಿಂತ ಕೆಟ್ಟದ್ದು ಆಮೇಲೆ ಆದದ್ದು. ಒಂದು ವಾರ ನಾನು ಆ ಕೆರೆಯ ಸುದ್ದಿಗೇ ಹೋಗಲಿಲ್ಲ. ನನ್ನ ಲೆಕ್ಕದಲ್ಲೇ ಏನೋ ಅತಿಯಾಗಿದೆ, ಎರಡು ವರ್ಷ ಏನೂ ಆಗಿಲ್ಲವಲ್ಲ, ಈ ವರ್ಷ ಮಾತ್ರ ಯಾಕೆ ಆಗಬೇಕು ಎಂದು ಮನಸ್ಸು ತಾನೇ ಸಮಾಧಾನ ಹೇಳಿಕೊಳ್ಳತೊಡಗಿತು. ಅಧ್ಯಕ್ಷರು ಹೇಳಿದ ಅದೇ ಮಾತು, ನನ್ನ ಬಾಯಲ್ಲಿ! ಬಾರದ ಒಂದು ಮಳೆಗೂ ಏರಿಯ ನಡುವಿನ ತಗ್ಗಿಗೂ ಏನು ಸಂಬಂಧ? ಅಳತೆ ಬದಲಾಗಿರಲಿಲ್ಲ, ನನ್ನ ಮುಖಕ್ಕೆ ಮಂಗಳಾರತಿ ಆಗಿತ್ತು, ಅಷ್ಟೇ. ಅದು ಹೊಳೆದ ದಿನ ನನ್ನ ಮೇಲೆ ನನಗೇ ಸಿಟ್ಟು ಬಂತು. ಮರುದಿನವೇ ಹೊರಟೆ.

ಈ ಸಲ ಹಾಳೆ ಒಯ್ಯಲಿಲ್ಲ, ಹರಿಗೋಲು ಒಯ್ದೆ. ಕಂಪ್ಲಿಯ ಹೊಳೆಯಿಂದ ಒಂದನ್ನು ಟ್ರಾಕ್ಟರಿನ ಮೇಲೆ ಹೇರಿಸಿ ತಂದು ಕೆರೆಗೆ ಇಳಿಸಿದೆ. ಏರಿಯಿಂದ ಆಚೆ ದಡದವರೆಗೆ ಹಗ್ಗ ಕಟ್ಟಿ, ಹಗ್ಗ ಹಿಡಿದು ಸಾಗುತ್ತ, ಹತ್ತು ಹತ್ತು ಮಾರಿಗೆ ಒಂದು ಸಲ ಬಿದಿರು ಗಳ ಇಳಿಬಿಟ್ಟು ಆಳ ನೋಡುವುದು. ಗಳವನ್ನು ನೀರಗಂಟಿಯ ಕೈಗೇ ಕೊಟ್ಟೆ.

“ತೂಬಿನ ಮುಂದ ಎಷ್ಟು ಆಳ ಐತಿ ಅಂತೀರಿ, ಅಜ್ಜಾರ?”

“ಮೂರು ಆಳು ಐತವ್ವಾ. ಸಣ್ಣಾಂವ ಇದ್ದಾಗ ಮುಳುಗಿ ಮಣ್ಣು ತಂದೀನಿ.”

ಗಳ ಇಳಿಬಿಟ್ಟ. ಒಂದು ಆಳಿನ ಆಳಕ್ಕೇ ಮೆತ್ತಗೆ ನಿಂತಿತು. ಒತ್ತಿದರೆ ಕೆಸರಿನೊಳಗೆ ಹೋಗುತ್ತಲೇ ಇತ್ತು. ಕಿತ್ತು ಇನ್ನೊಂದು ಕಡೆ ಬಿಟ್ಟ, ಮತ್ತೊಂದು ಕಡೆ ಬಿಟ್ಟ. ಎಲ್ಲ ಕಡೆ ಸೊಂಟ, ಎದೆ, ಹೆಚ್ಚೆಂದರೆ ತಲೆ. ಗಳದ ತುದಿಯ ಕೆಂಪು ಕೆಸರನ್ನು ಬೆರಳಿನಿಂದ ತಿಕ್ಕಿ ನೋಡಿದ. ಮಧ್ಯಾಹ್ನದವರೆಗೂ ಗಳ ಇಳಿಬಿಡುತ್ತಲೇ ಇದ್ದ.

“ಇದು ಕೆರಿ ಅಲ್ಲವ್ವಾ. ತಾಟು ಇದು,” ಎಂದ ಕಡೆಗೆ.

ಅಷ್ಟಾದರೂ ಚೀಲ ತೆಗೆಯಲು ಒಪ್ಪಲಿಲ್ಲ. “ಮಳಿ ಬಂದ್ರ ನೋಡೋಣಂತ. ಒಂದು ಮೆಟ್ಲಿಗೆ ಒಂದು ದಿನಾ ಅಂತೂ ಬೇಕಾ ಬೇಕು,” ಎಂದು ಅಲ್ಲಿಗೇ ಬಂದು ನಿಂತ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೆರೆ ತಾಟಾಗಿದೆ ಎಂದು ತನ್ನ ಕೈಯಿಂದಲೇ ಕಂಡುಕೊಂಡವನು, ಮೆಟ್ಟಿಲಿನ ಲೆಕ್ಕ ಮಾತ್ರ ಅಪ್ಪನ ಕಾಲದ್ದನ್ನೇ ಹಿಡಿದಿದ್ದ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಾನು ಮಾತ್ರ ಏನು ಕಡಿಮೆ ಇದ್ದೆ?

“ಆತು ಬಿಡ್ರಿ. ಮುಂದಿನ ಮಳಿಗೆ ನೀವಾ ಮೆಟ್ಲ ಮ್ಯಾಲೆ ಕುಂದ್ರಿ. ನೀವಾ ಎಣಸ್ರಿ. ನಾನು ಬಾಯಿ ಬಿಡಂಗಿಲ್ಲ,” ಎಂದೆ.

ಆ ಮಳೆ ನಾಲ್ಕು ದಿನಕ್ಕೆ ಬಂತು, ದೊಡ್ಡದೇನಲ್ಲ. ಬೆಳಗಿನ ಜಾವ ಗುಡ್ಡದ ಮೇಲೆ ಸುರಿದು ಊರಿನಲ್ಲಿ ಬರೀ ನೆಲ ತೋಯಿಸಿತು. ನಾನು ಮುಟ್ಟುವ ಹೊತ್ತಿಗೆ ಹತ್ತು ಗಂಟೆ. ನೀರಗಂಟಿ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ತೂಬಿನ ಮೆಟ್ಟಿಲ ಮೇಲೆ ಕೂತಿದ್ದ. ಗಿಡ ಮರ ಕಿತ್ತು ಬೋಳಾದ ಗುಡ್ಡದಿಂದ ಕೆಂಪು ನೀರು ಎಲ್ಲೂ ನಿಲ್ಲದೆ ಓಡಿಬರುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಮೆಟ್ಟಿಲು ಮುಳುಗಿದ್ದವು. ಚೀಲದ ತಲೆಗೆ ನೀರು ಬರಲು ಉಳಿದದ್ದು ಒಂದೇ.

ಮುದುಕ ಎದ್ದು ನಿಂತ.

“ಎರಡು ದಿನದ ನೀರು ಅರ್ಧ ದಿನಕ್ಕ ಬಂತು, ಯವ್ವಾ. ಇದು ಸಣ್ಣ ಮಳಿ. ದೊಡ್ಡದು ಬಂದ್ರ ನಾನು ಮನಿಯಿಂದ ಕೋಡಿಗೆ ಬರೂದ್ರಾಗ ಎಲ್ಲಾ ಮುಗದಿರ್ತೈತಿ.”

ಸಂಜೆ ಪಂಚಾಯ್ತಿ ಕಟ್ಟೆಯಲ್ಲಿ ಊರು ಸೇರಿತು. ಚೀಲ ತೆಗೆದರೆ ಕೋಡಿಯ ಕಲ್ಲಿಗಿಂತ ಮೇಲೆ ಈಗ ನಿಂತಿರುವ ಒಂದೂವರೆ ಅಡಿ ನೀರು ಹೋಗುತ್ತದೆ. ತಾಟಿನಂಥ ಕೆರೆಯಲ್ಲಿ ಅದು ಸಣ್ಣ ಮಾತಲ್ಲ. ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ನಾನು ಅದನ್ನು ಮುಚ್ಚಿಡಲಿಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವಂಥ ಮಳೆಗೆ ಈ ಏರಿ ತಡೆಯುವುದಿಲ್ಲ ಎಂದೂ ಹೇಳಿದೆ. ಅದೇ ತಪ್ಪಾಯಿತು.

“ಅಂಥಾ ಮಳಿ ಹಿಂದ ಯಾವಾಗ ಆಗಿತ್ರೀ?” ಎಂದು ಅಧ್ಯಕ್ಷರು ಕೇಳಿದರು.

“ಮೂವತ್ತು ವರ್ಷದ ಹಿಂದ ಅಂತ ಹಿರಿಯರು ಹೇಳ್ತಾರ.”

“ಹಂಗಾರ ಇನ್ನ ಇಪ್ಪತ್ತು ವರ್ಷ ಟೈಮ್ ಐತಿ ಬಿಡ್ರಿ!”

ಕಟ್ಟೆಯೆಲ್ಲ ನಕ್ಕಿತು. ಮಳೆ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ, ಅದು ನಾಳೆಯೂ ಬರಬಹುದು, ನಾಡಿದ್ದು ಮತ್ತೂ ಬರಬಹುದು ಎಂದು ಕೂಗಿದೆ. ನಗುವಿನಲ್ಲಿ ಮುಳುಗಿಹೋಯಿತು. ಅಧ್ಯಕ್ಷರು ಆಮೇಲೆ ಗಂಭೀರವಾದರು. “ಬರ್ತೈತೋ ಇಲ್ಲೋ ಗೊತ್ತಿಲ್ಲದ ಮಳಿ ಸಲುವಾಗಿ ಕಣ್ಣಮುಂದ ಇರೋ ನೀರು ಬಿಡು ಅಂತೀರಲ್ರೀ. ನಿಮ್ಮ ಗದ್ದಿ ಆಗಿದ್ರ ಬಿಡ್ತಿದ್ರೇನು?” ಬಿಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಎದೆ ಮುಟ್ಟಿ ಹೇಳಲಾರೆ.

ಹೊಸಪೇಟೆಗೆ ಫೋನು ಮಾಡಿ ಮೇಲಧಿಕಾರಿಗಳನ್ನು ಕೇಳಿದೆ. ವರದಿ ಮೇಲೆ ಹೋಗಿದೆ, ಆದೇಶ ಬರದೆ ಏನೂ ಮಾಡಬೇಡ ಎಂದರು. ಕಟ್ಟೆ ಖಾಲಿಯಾಗಿತ್ತು. ನೀರಗಂಟಿಯೊಬ್ಬನೇ ಕೂತಿದ್ದ. ನೋಟ್‌ಬುಕ್ಕಿನ ಹಾಳೆ ಹರಿದು, ಚೀಲಗಳನ್ನು ನನ್ನ ಆದೇಶದ ಮೇಲೆ ತೆಗೆಯಲಾಗುತ್ತಿದೆ, ಹೊಣೆ ನನ್ನದು ಎಂದು ಬರೆದು ಸಹಿ ಮಾಡಿ ಅವನ ಮುಂದೆ ಹಿಡಿದೆ. ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯವೇನೂ ಇರಲಿಲ್ಲ. ಆದರೆ ಆ ಗುಡಿಸಲುಗಳನ್ನು ಅಲ್ಲಿ ಕೂರಿಸಿದ ಬಾಯಿ ನನ್ನದು.

ಅವನು ಹಾಳೆಯನ್ನು ಮುಟ್ಟಲಿಲ್ಲ.

“ಕಾಗದ ನಿಮ್ಮತ್ರಾ ಇರ್ಲವ್ವಾ. ಚೀಲ ಒಟ್ಟಿದ ಕೈ ನಂದು, ಕೀಳೋದೂ ನಂದಾ. ಈ ಊರಾಗ ಬ್ಯಾರೇದವ್ರು ಕೋಡಿ ಮುಟ್ಟಂಗಿಲ್ಲ, ನೀವೂ ಮುಟ್ಟಂಗಿಲ್ಲ.”

“ಊರು ಸುಮ್ನ ಬಿಡಂಗಿಲ್ಲ, ಅಜ್ಜಾರ.”

“ಗೊತ್ತೈತಿ.”

ಬೆಳಕು ಹರಿಯುವ ಹೊತ್ತಿಗೆ ಒಬ್ಬನೇ ಕೋಡಿಯ ಮೇಲೆ ನಿಂತು ಮೊದಲ ಚೀಲ ಎಳೆದ. ಒಂದೇ ಸಲಕ್ಕೆ ಎಲ್ಲ ಕಿತ್ತರೆ ಕೆಳಗಿನ ಹಳ್ಳ ತಡೆಯುವುದಿಲ್ಲವೆಂದು ನಾನು ದಡದಲ್ಲಿ ನಿಂತು, ಇಷ್ಟು ಹೊತ್ತಿಗೆ ಇಷ್ಟು ಎಂದು ಗಡಿಯಾರ ನೋಡಿ ಹೇಳುತ್ತಿದ್ದೆ. ಎರಡು ವರ್ಷ ಬಿಸಿಲಿಗೆ ಸುಟ್ಟ ಚೀಲಗಳು ಕೈಯಲ್ಲೇ ಹರಿದು ಮರಳು ನೀರಿಗೆ ಸುರಿಯಿತು. ಒಂಬತ್ತಕ್ಕೆ ಊರು ಬಂತು. ಕೂಗಾಡಿದರು, ಅವನ ತಾಯಿಯನ್ನೂ ಸೇರಿಸಿ ಬೈದರು. ಒಬ್ಬ ಮಣ್ಣು ಹೆಂಟೆ ಎಸೆದ. ಆದರೆ ಕೋಡಿಯ ಕಲ್ಲಿನ ಮೇಲೆ ಒಬ್ಬರೂ ಕಾಲಿಡಲಿಲ್ಲ. ಅಲ್ಲಿ ಕಾಲಿಡುವ ಹಕ್ಕು ನೀರಗಂಟಿಗಷ್ಟೇ ಎಂಬ ಕಟ್ಟಳೆ ಆ ಸಿಟ್ಟಿನಲ್ಲೂ ಅವರನ್ನು ಹಿಡಿದು ನಿಲ್ಲಿಸಿತ್ತು. ಸಂಜೆಯ ಹೊತ್ತಿಗೆ ಕೋಡಿ ಬರಿದಾಯಿತು.

ಹುಬ್ಬಿ ಮುಗಿದು ಉತ್ತರಿ ಮಳೆ ಕಾಲಿಟ್ಟ ಮೂರನೆಯ ದಿನ. ಮೋಡ ನೋಡಿ ನಾನು ಬೆಳಿಗ್ಗೆಯೇ ಹಳ್ಳಿ ಮುಟ್ಟಿದ್ದೆ. ಮಧ್ಯಾಹ್ನ ಎರಡಕ್ಕೆ ಶುರುವಾದದ್ದು ಆರಕ್ಕೆ ನಿಂತಿತು. ಅಂಥ ಮಳೆಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಎದುರಿನ ಗುಡ್ಡ ಕಾಣಲಿಲ್ಲ, ನನ್ನ ಕೈ ನನಗೆ ಕಾಣಲಿಲ್ಲ. ಗುಡಿಸಲಿನವರಲ್ಲಿ ಅರ್ಧ ಜನ ಶಾಲೆಗೆ ಓಡಿದರು, ಅರ್ಧ ಜನ ನನ್ನ ಮಾತಿಗೆ ಕ್ಯಾರೇ ಅನ್ನಲಿಲ್ಲ. ಮುಂದಾಳು ಹೆಂಗಸು ಗುಡಿಸಲ ಬಾಗಿಲಲ್ಲೇ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಕೋಡಿ ಭೋರೆಂದು ಹರಿಯಿತು. ಏರಿಯ ತಗ್ಗಿನಲ್ಲಿ ಸ್ಟಾಫು ಕೋಲು ನಿಲ್ಲಿಸಿ ನೀರು ಏರುವುದನ್ನು ನೋಡುತ್ತ ನಿಂತೆ. ಮೂರು ಅಡಿ ಕೆಳಗೆ. ಎರಡು. ಒಂದೂವರೆ. ದೇವರೇ, ಸಾಕು, ಸಾಕು ಎಂದು ಬಾಯಿಬಿಟ್ಟು ಬೇಡಿಕೊಂಡೆ. ಒಂದೂಕಾಲು ಅಡಿಗೆ ನೀರು ನಿಂತಿತು. ಅರ್ಧ ತಾಸು ಅಲ್ಲೇ ನಿಂತು, ಆಮೇಲೆ ಇಳಿಯತೊಡಗಿತು. ಕೋಡಿಯ ಮೇಲೆ ಎರಡೂಮುಕ್ಕಾಲು ಅಡಿ ನೀರು ಹರಿದಿತ್ತು. ಚೀಲಗಳಿದ್ದಿದ್ದರೆ ಅದರ ಮೇಲೆ ಇನ್ನೆರಡು ಅಡಿ. ಏರಿಯ ತಗ್ಗಿನ ಮೇಲೆ ಮುಕ್ಕಾಲು ಅಡಿ ನೀರು ಹತ್ತಿ ಗುಡಿಸಲುಗಳ ಮೇಲೆ ಇಳಿಯುತ್ತಿತ್ತು.

ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ. ಸಂತೋಷವೋ ಹೆದರಿಕೆಯೋ ಗೊತ್ತಿಲ್ಲ.

ಮರುದಿನ ಅಧ್ಯಕ್ಷರು ಏರಿಯ ಮೇಲೆ ನಿಂತು ಎಲ್ಲರಿಗೂ ತೋರಿಸುತ್ತಿದ್ದರು. “ನೋಡ್ರಪಾ, ಅಂಥಾ ಮಳಿ ಬಂತು, ಏನಾತು? ಇನ್ನ ಅಡಿ ಮ್ಯಾಲೆ ಜಾಗಾ ಉಳದಿತ್ತು. ಸುಮ್ಮಸುಮ್ಮನ ನಮ್ಮ ನೀರು ಕಳದ್ರು.” ಲೆಕ್ಕದ ಹಾಳೆ ಹಿಡಿದು ಹೋದೆ. ಕೂಡಿಸಿ ತೋರಿಸಿದೆ. ಅವರು ಸುಳ್ಳು ಎನ್ನಲಿಲ್ಲ, ನಗಲೂ ಇಲ್ಲ. “ಒಡೀಲಿಲ್ಲಲ್ರೀ ಮೇಡಂ,” ಎಂದರು, ಅಷ್ಟೇ. ಆ ಮಳೆಯ ನಂತರ ಹನಿ ಬೀಳಲಿಲ್ಲ. ಕೊನೆಯ ಗದ್ದೆಗಳು ತೆನೆ ಕಟ್ಟುವ ಹೊತ್ತಿಗೆ ಒಣಗಿದವು. ಅದು ಎಲ್ಲರ ಕಣ್ಣಿಗೂ ಕಂಡಿತು. ನನಗೆ ಕಚೇರಿಯಿಂದ ನೋಟಿಸು ಬಂತು, ವಿವರಣೆ ಬರೆದುಕೊಟ್ಟೆ. ನೀರಗಂಟಿಯನ್ನು ಊರು ಸೇರಿ ತೆಗೆದುಹಾಕಿತು. ತಲೆತಲಾಂತರದ ಕೆಲಸ ಒಂದು ಸಂಜೆಯಲ್ಲಿ ಬೇರೆಯವನಿಗೆ ಹೋಯಿತು. ಆ ಬೇರೆಯವನು ಅಧ್ಯಕ್ಷರ ಗದ್ದೆಯ ಆಳು.

ದೀಪಾವಳಿ ಕಳೆದ ಮೇಲೆ ಅವನನ್ನು ನೋಡಲು ಹೋದೆ. ಯಾವ ಮುಖ ಇಟ್ಟುಕೊಂಡು ಹೋಗುವುದೆಂದು ಎರಡು ಸಲ ಅರ್ಧ ದಾರಿಯಿಂದ ತಿರುಗಿ ಬಂದಿದ್ದೆ. ಏರಿಯ ಬುಡದ ಗುಡಿಸಲುಗಳ ಹತ್ತಿರ, ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಮುಂದಾಳು ಹೆಂಗಸು ಕೊಡ ಹೊತ್ತು ಬಂದು ಅವನ ಮುಂದೆ ನಿಂತಳು. ಗದ್ದೆ ಒಣಗಿ ಸುಗ್ಗಿಯ ಕೂಲಿಯೂ ಇಲ್ಲವಾಯಿತು, ಎಲ್ಲ ಈ ಮುದುಕನಿಂದ ಎಂದು ಬಾಯಿಗೆ ಬಂದಂತೆ ಬೈದಳು. ಮೊಮ್ಮಗಳು ಅಜ್ಜಿಯ ಸೀರೆ ಹಿಡಿದುಕೊಂಡು ತಾನೂ ಅವಳಂತೆಯೇ ಕೈ ಮಾಡಿ ಏನೋ ಬೈಯುತ್ತಿತ್ತು. ಅವನು ತಲೆ ಎತ್ತದೆ ಹಗ್ಗ ಹೊಸೆಯುತ್ತಲೇ ಇದ್ದ. ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

“ಇವ್ರಿಗಾಗಿನಾ ಮಾಡಿದ್ವಲ್ರೀ ಅಜ್ಜಾರ. ಇವ್ರಾ ಹಿಂಗ ಬೈತಾರಲ್ಲ!”

ಮುದುಕ ಆ ಹುಡುಗಿ ಹೋದ ಕಡೆ ನೋಡಿದ.

“ಬೈಲಿ ಬಿಡವ್ವಾ,” ಎಂದ. “ಬೈಯಾಕ ಅದಾರಲ್ಲ.”